ಬೆಟ್ಟಾ ತೊಟ್ಟಿಗೆ ಜೊತೆಗಾರರನ್ನು ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಂಗಡಿಗಳಲ್ಲಿ ಫೈಟರ್ ಎಂಬ ಹೆಸರಿನಲ್ಲಿ ಸಿಗುವ ಬೆಟ್ಟಾ ಮೀನನ್ನು ಮನೆಗೆ ತಂದವರಲ್ಲಿ ಹೆಚ್ಚಿನವರಿಗೆ ಸ್ವಲ್ಪ ದಿನಗಳಲ್ಲೇ ಒಂದು ಆಸೆ ಹುಟ್ಟುತ್ತದೆ: ಇದರ ಜೊತೆ ಇನ್ನೊಂದಿಷ್ಟು ಮೀನು ಬಿಡೋಣವೇ? ಬೆಂಗಳೂರಿನಲ್ಲಿ ಬೆಟ್ಟಾ ಸಾಕುವ ನನ್ನನ್ನು ಸ್ನೇಹಿತರು, ನೆರೆಮನೆಯ ಮಕ್ಕಳು, ಅಂಗಡಿಯಲ್ಲಿ ಪಕ್ಕ ನಿಂತವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬೆಟ್ಟಾ ಯಾರನ್ನು ಸಹಿಸಿಕೊಳ್ಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು, ನಾವು ತರಲಿರುವ ಆ ಚಿಕ್ಕ ಮೀನು ಈ ತೊಟ್ಟಿಯಲ್ಲಿ ನೆಮ್ಮದಿಯಿಂದ ಬಾಳುತ್ತದೆಯೇ ಎಂದು ಕೇಳಬೇಕು ಎನ್ನುವುದು ನನ್ನ ನಿಲುವು. ಮುಂದಿನ ಉತ್ತರಗಳೆಲ್ಲ ಅದೇ ನಿಲುವಿನಿಂದ ಬಂದವು.

ನನ್ನ ಬೆಟ್ಟಾ ಒಂಟಿಯಾಗಿದೆ. ಅದಕ್ಕೆ ಬೇಸರವಾಗುವುದಿಲ್ಲವೇ?

ಇಲ್ಲ. ಬೆಟ್ಟಾ ಗುಂಪು ಕಟ್ಟಿಕೊಂಡು ಬಾಳುವ ಮೀನಲ್ಲ. ಇದರ ತವರು ಥಾಯ್ಲೆಂಡಿನ ಭತ್ತದ ಗದ್ದೆಗಳು, ಜೌಗು ನೆಲ, ನಿಧಾನವಾಗಿ ಹರಿಯುವ ಕಾಲುವೆಗಳು. ಅಲ್ಲಿ ಗಂಡು ಮೀನು ಗಿಡಗಳ ನಡುವೆ ತನ್ನದೆಂದು ಒಂದು ಜಾಗ ಹಿಡಿದು, ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ, ಅತ್ತ ಸುಳಿಯುವ ಬೇರೆ ಗಂಡುಗಳನ್ನು ಓಡಿಸುತ್ತದೆ. ಗದ್ದೆಯಲ್ಲಿ ಸೋತ ಮೀನಿಗೆ ಓಡಿಹೋಗಲು ಜಾಗವಿದೆ; ಗಾಜಿನ ತೊಟ್ಟಿಯಲ್ಲಿ ಇಲ್ಲ. ಅದರ ಮೇಲೆ, ಕಾಳಗಕ್ಕೆಂದೇ ತಲೆಮಾರುಗಳ ಕಾಲ ಜನ ಇದನ್ನು ಆರಿಸಿ ಬೆಳೆಸಿದ್ದಾರೆ. 1910ರಲ್ಲಿ ಬ್ರಿಟಿಷ್ ಮೀನುತಜ್ಞ ಚಾರ್ಲ್ಸ್ ಟೇಟ್ ರೀಗನ್ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂದು ಹೆಸರಿಡುವ ಹೊತ್ತಿಗಾಗಲೇ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ಈ ಕಾಳಗ ಬಹಳ ಹಳೆಯದಾಗಿತ್ತು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನೇ ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ನಿಮ್ಮ ಬೆಟ್ಟಾ ಮಂಕಾಗಿ ಮೂಲೆ ಹಿಡಿದಿದ್ದರೆ ಒಂಟಿತನವನ್ನು ದೂರಬೇಡಿ. ನೀರು ತಣ್ಣಗಿರಬಹುದು, ಕೊಳೆಯಾಗಿರಬಹುದು, ಅಥವಾ ಹೂಜಿಯಂಥ ಗಾಜಿನ ಬಟ್ಟಲಿನಲ್ಲಿ ಈಜಲು ಜಾಗವೇ ಇಲ್ಲದಿರಬಹುದು. ಮೊದಲು ಅದನ್ನು ಸರಿಪಡಿಸಿ. ನಾಲ್ಕು ಗಿಡ, ಒರಗಿ ಮಲಗಲು ಮೇಲ್ಮೈ ಬಳಿ ಒಂದು ಅಗಲವಾದ ಎಲೆ ಸಿಕ್ಕರೆ ಅದೇ ಮೀನು ಬೇರೆಯಾಗಿ ಕಾಣುತ್ತದೆ.

ಹಾಗಿದ್ದರೆ ಜೊತೆಗೆ ಯಾರನ್ನೂ ಬಿಡಲೇಬಾರದೇ?

ಬಿಡಬಹುದು. ಬೆಟ್ಟಾದ ಸಿಟ್ಟು ಮುಖ್ಯವಾಗಿ ತನ್ನ ಹಾಗೆ ಕಾಣುವ ಮೀನಿನ ಮೇಲೆ: ಉದ್ದ ರೆಕ್ಕೆ, ಗಾಢ ಬಣ್ಣ, ಅದೇ ಗಾತ್ರ, ಮೇಲ್ಮೈಯ ಹತ್ತಿರ ನಿಧಾನವಾಗಿ ಸುಳಿಯುವ ರೀತಿ. ಈ ಲಕ್ಷಣಗಳಿಲ್ಲದ, ತೊಟ್ಟಿಯ ನಡುವೆ ಅಥವಾ ತಳದಲ್ಲಿ ಬಾಳುವ, ರೆಕ್ಕೆ ಕಚ್ಚುವ ಚಾಳಿಯಿಲ್ಲದ ಚಿಕ್ಕ ಜೀವಿಗಳನ್ನು ಬಹಳಷ್ಟು ಬೆಟ್ಟಾಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಹಳಷ್ಟು ಎಂದೆ, ಎಲ್ಲವೂ ಎನ್ನಲಿಲ್ಲ. ಒಂದೇ ಗೂಡಿನ ಎರಡು ಮರಿಗಳಲ್ಲಿ ಒಂದು ಸಾಧುವಾಗಿದ್ದು ಇನ್ನೊಂದು ತೊಟ್ಟಿಯಲ್ಲಿ ಅಲುಗಾಡಿದ್ದನ್ನೆಲ್ಲ ಬೆನ್ನಟ್ಟುವುದುಂಟು. ಬಸವನಹುಳುವನ್ನೂ ಬಿಡದ ಬೆಟ್ಟಾಗಳಿವೆ. ಅಂಥ ಮೀನನ್ನು ಬದಲಾಯಿಸಲು ಹೋಗಬೇಡಿ, ಒಂಟಿಯಾಗಿಯೇ ಸಾಕಿ.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಒಂಟಿ ಬೆಟ್ಟಾಗೆ ಕನಿಷ್ಠ 20 ಲೀಟರ್. ಜೊತೆಗೆ ಬಸವನಹುಳು ಒಂದನ್ನೇ ಬಿಡುವುದಾದರೆ ಅದೂ ಸಾಲುತ್ತದೆ. ಗುಂಪಿನ ಮೀನು ಬೇಕೆಂದರೆ 40 ಲೀಟರಿನಿಂದ ಶುರು. ನಾನು ಸೂಚಿಸುವುದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ. ನಮ್ಮಲ್ಲಿ ಎಲ್ಲ ಅಂಗಡಿಯವರೂ ಮಾಡಿಕೊಡುವ ಅಳತೆ ಇದು. ತುಂಬಿದರೆ ಸುಮಾರು 56 ಲೀಟರ್. ಮರಳು, ಕಲ್ಲು ಕಳೆದರೆ 45ರಿಂದ 50.

ಲೀಟರಿಗಿಂತ ಉದ್ದ ಮುಖ್ಯ. ಎತ್ತರದ, ಕಿರಿದಾದ ತೊಟ್ಟಿ ಮೇಜಿನ ಮೇಲೆ ಚೆಂದ ಕಾಣುತ್ತದೆ, ಆದರೆ ಬೆನ್ನಟ್ಟಿಸಿಕೊಂಡ ಮೀನಿಗೆ ಅದರಲ್ಲಿ ದೂರ ಹೋಗಲು ಆಗದು. ಬೆಟ್ಟಾ ಕೂಡ ಉಸಿರಿಗಾಗಿ ಮತ್ತೆ ಮತ್ತೆ ಮೇಲಕ್ಕೆ ಬರುವ ಮೀನು. ಉದ್ದ ರೆಕ್ಕೆ ಹೊತ್ತು ಆಳದಿಂದ ಏರಿ ಬರುವುದು ಅದಕ್ಕೆ ಶ್ರಮ. ತೊಟ್ಟಿಗೆ ಮುಚ್ಚಳವೂ ಇರಲಿ, ಬೆಟ್ಟಾ ಜಿಗಿಯುತ್ತದೆ.

ತೊಟ್ಟಿ ತಂದ ದಿನವೇ ಎಲ್ಲವನ್ನೂ ಒಟ್ಟಿಗೆ ಬಿಡಬಹುದೇ?

ಬೇಡ. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಕಡಿಮೆ ಪ್ರಮಾಣದಲ್ಲಿದ್ದರೆ ಸಹ್ಯ, ವಾರವಾರದ ನೀರು ಬದಲಾವಣೆಯಿಂದ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನಿನ ಅಂಗಡಿಗೆ ಹೋಗಿ.

ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಅಭ್ಯಾಸವನ್ನು ಬಿಡಿ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿದರೆ ಸಾಕು.

ಮೊದಲ ಬಾರಿ ಜೊತೆ ಹಾಕುತ್ತಿದ್ದೇನೆ. ಯಾರಿಂದ ಶುರು ಮಾಡಲಿ?

ಒಂದು ನೆರೈಟ್ ಬಸವನಹುಳುವಿನಿಂದ. ಗಾಜಿಗೆ, ಕಲ್ಲಿಗೆ ಅಂಟಿದ ಪಾಚಿಯನ್ನು ಇದು ಶ್ರದ್ಧೆಯಿಂದ ಕೆರೆದು ತಿನ್ನುತ್ತದೆ. ಮರಿಗಳು ಬೆಳೆಯಲು ಉಪ್ಪು ಬೆರೆತ ನೀರು ಬೇಕಾದ್ದರಿಂದ ನಿಮ್ಮ ಸಿಹಿನೀರಿನ ತೊಟ್ಟಿಯಲ್ಲಿ ಸಂಖ್ಯೆ ಏರುವುದಿಲ್ಲ. ಎಳ್ಳಿನ ಗಾತ್ರದ ಬಿಳಿ ಮೊಟ್ಟೆಗಳನ್ನು ಅಲ್ಲಲ್ಲಿ ಅಂಟಿಸುವುದು ಮಾತ್ರ ನಿಜ, ಮತ್ತು ಅವು ಸುಲಭಕ್ಕೆ ಬಿಡುವುದಿಲ್ಲ.

ಬಸವನಹುಳುವನ್ನು ಬಿಟ್ಟ ಮೇಲೆ ಅರ್ಧ ಗಂಟೆ ತೊಟ್ಟಿಯ ಮುಂದೆ ಕುಳಿತು ನೋಡಿ. ನಿಮ್ಮ ಬೆಟ್ಟಾದ ಸ್ವಭಾವದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಮೊದಲು ಬೆಟ್ಟಾ ಹತ್ತಿರ ಬಂದು ತಟಸ್ಥವಾಗಿ ನಿಲ್ಲುತ್ತದೆ. ಎದೆಯ ರೆಕ್ಕೆಗಳು ಮಾತ್ರ ಬೀಸುತ್ತಿರುತ್ತವೆ, ಕಣ್ಣುಗಳೆರಡೂ ಆ ಚಿಪ್ಪಿನ ಮೇಲೆ ನೆಟ್ಟಿರುತ್ತವೆ. ಚಿಪ್ಪಿನಡಿಯಿಂದ ಮೀಸೆಯಂಥ ಸ್ಪರ್ಶತಂತು ಹೊರಬಂದ ಕೂಡಲೇ ಹುಳುವೆಂದು ತಿಳಿದು ಒಮ್ಮೆ ಕುಕ್ಕುತ್ತದೆ. ಬಸವನಹುಳು ಒಳಗೆ ಸೇರಿಕೊಳ್ಳುತ್ತದೆ. ಎರಡು ಮೂರು ಸಲ ಹೀಗಾಗಿ ಇದು ತಿನ್ನುವ ವಸ್ತುವಲ್ಲವೆಂದು ಬೆಟ್ಟಾ ತನ್ನ ದಾರಿ ಹಿಡಿದರೆ ಒಳ್ಳೆಯ ಸೂಚನೆ. ಮರುದಿನವೂ ಅದನ್ನೇ ಕಾಯುತ್ತ ಕುಳಿತು ತಂತುಗಳನ್ನು ತುಂಡರಿಸುತ್ತಿದ್ದರೆ ಬಸವನಹುಳುವನ್ನು ತೆಗೆದುಬಿಡಿ, ಮೀನಿನ ಯೋಚನೆಯನ್ನೂ ಬಿಡಿ. ಮಿಸ್ಟರಿ ಬಸವನಹುಳುವಿನ ತಂತುಗಳು ಇನ್ನೂ ಉದ್ದವಾಗಿರುವುದರಿಂದ ಅದಕ್ಕೆ ಈ ಕಾಟ ಹೆಚ್ಚು.

ಸೀಗಡಿ ಬಿಡಬಹುದೇ?

ಬಿಡಬಹುದು, ಆದರೆ ಕೆಲವು ಹೊಟ್ಟೆಗೆ ಹೋಗುತ್ತವೆ ಎಂದು ಒಪ್ಪಿಕೊಂಡು ಬಿಡಿ. ಬೆಟ್ಟಾ ಮಾಂಸಾಹಾರಿ, ಕೀಟ, ಲಾರ್ವಾ, ಪುಟ್ಟ ಕಠಿಣಚರ್ಮಿಗಳೇ ಅದರ ಸಹಜ ಊಟ. ಮೂರು ಸೆಂಟಿಮೀಟರಿನಷ್ಟು ಬೆಳೆಯುವ ಚೆರ್ರಿ ಸೀಗಡಿಗಳ ದೊಡ್ಡವು ಉಳಿಯಬಹುದು, ಮರಿಗಳು ಉಳಿಯುವುದು ಜಾವಾ ಮಾಸ್ ಎಂಬ ಪುಟ್ಟ ಗಿಡ ದಟ್ಟವಾಗಿದ್ದರೆ ಮಾತ್ರ. ಪೊರೆ ಕಳಚಿದ ದಿನ ಸೀಗಡಿಯ ಮೈ ಮೆತ್ತಗಿರುತ್ತದೆ, ಆಗ ಅಡಗಲು ಜಾಗವಿಲ್ಲದಿದ್ದರೆ ದೊಡ್ಡದೂ ಹೋಗುತ್ತದೆ. ಐದು ಸೆಂಟಿಮೀಟರ್ ಮುಟ್ಟುವ ಅಮಾನೊ ಸೀಗಡಿ ಇದಕ್ಕಿಂತ ಸುರಕ್ಷಿತ. ದುಬಾರಿ ಬಣ್ಣದ ಸೀಗಡಿ ತಳಿಗಳನ್ನು ಬೆಟ್ಟಾ ತೊಟ್ಟಿಗೆ ತರುವುದು ನನಗೆ ಒಪ್ಪಿಗೆಯಿಲ್ಲ.

ಗುಂಪಿನ ಚಿಕ್ಕ ಮೀನುಗಳಲ್ಲಿ ಯಾವುದು ಒಳ್ಳೆಯದು?

ನನ್ನ ಮೊದಲ ಆಯ್ಕೆ ಎಂಬರ್ ಟೆಟ್ರಾ. ಬ್ರೆಜಿಲ್‌ನ ಅರಾಗ್ವಾಯಾ ನದಿಯ ಸೀಮೆಯದು, ಎರಡು ಸೆಂಟಿಮೀಟರಿನ ಕೆಂಡದ ಬಣ್ಣದ ಮೀನು. ರೆಕ್ಕೆಗಳು ಗಿಡ್ಡ, ಸ್ವಭಾವ ಮೃದು, ತೊಟ್ಟಿಯ ನಡುಭಾಗದಲ್ಲೇ ಸುತ್ತುತ್ತದೆ. ಬೆಟ್ಟಾ ಬಯಸುವ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದಕ್ಕೂ ಹಿತ. ಎರಡು ಅಡಿ ತೊಟ್ಟಿಯಲ್ಲಿ ಎಂಟರಿಂದ ಹತ್ತು ಬಿಡಿ.

ಹಾರ್ಲೆಕ್ವಿನ್ ರಾಸ್ಬೋರಾ ಎರಡನೆಯದು. ಥಾಯ್ಲೆಂಡ್, ಮಲೇಷ್ಯಾ, ಸುಮಾತ್ರಾ ಕಡೆಯದು. ಮೈಯ ಹಿಂಭಾಗದಲ್ಲಿ ಕಪ್ಪು ತ್ರಿಕೋನ, ನಾಲ್ಕು ಸೆಂಟಿಮೀಟರ್ ದಾಟುವ ಗಟ್ಟಿ ಮೀನು, ಅನುಭವವಿಲ್ಲದವರ ಕೈಯಲ್ಲೂ ಉಳಿಯುತ್ತದೆ. ಬೋರ್ನಿಯೊದ ಚಿಲ್ಲಿ ರಾಸ್ಬೋರಾ ಇನ್ನೂ ಪುಟ್ಟದು, ಬಹಳ ಸೊಗಸು. ಆದರೆ ಅದಕ್ಕೆ ಮೃದುವಾದ, ತುಸು ಹುಳಿ ನೀರು ಬೇಕು, ಬೆಟ್ಟಾದ ಬಾಯಿಗೆ ಹಿಡಿಸುವಷ್ಟು ಚಿಕ್ಕದೂ ಹೌದು. ಪಳಗಿದವರು ಮಾತ್ರ ಪ್ರಯತ್ನಿಸಲಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಪಿನ ಮೀನನ್ನು ಗುಂಪಾಗಿಯೇ ತನ್ನಿ. ಜಾಗ ಉಳಿಸಲೆಂದು ಎರಡೋ ಮೂರೋ ಟೆಟ್ರಾ ತಂದರೆ ಅವು ಹೆದರಿಕೆಯಲ್ಲೇ ದಿನ ದೂಡುತ್ತವೆ, ಬಣ್ಣ ಕಳೆದುಕೊಳ್ಳುತ್ತವೆ. ಅಂಥ ಒತ್ತಡದಲ್ಲಿ ಸಾಧು ಮೀನೂ ರೆಕ್ಕೆ ಕಚ್ಚುವುದನ್ನು ಕಲಿಯುತ್ತದೆ. ಆರು ಬಿಡಲು ಜಾಗವಿಲ್ಲದಿದ್ದರೆ ಒಂದನ್ನೂ ತರಬೇಡಿ.

ತಳದಲ್ಲಿ ಬಾಳುವ ಮೀನುಗಳು?

ಬೆಟ್ಟಾದ ಜೊತೆಗೆ ಇವು ಚೆನ್ನಾಗಿ ಒಗ್ಗುತ್ತವೆ, ಏಕೆಂದರೆ ದಾರಿ ಅಡ್ಡಬರುವುದೇ ಅಪರೂಪ. ಕೂಲಿ ಲೋಚ್ ಹಾವಿನ ಮರಿಯಂತೆ ಕಾಣುವ, ಹಳದಿ ಕಪ್ಪು ಪಟ್ಟೆಗಳ ಮೀನು. ಹಗಲಿನಲ್ಲಿ ಕಟ್ಟಿಗೆಯ ಅಡಿ ಮಲಗಿ, ದೀಪ ಆರಿದ ಮೇಲೆ ಹೊರಬಂದು ಮರಳನ್ನು ಮೂಸುತ್ತ ಓಡಾಡುತ್ತದೆ. ಐದಾರು ಒಟ್ಟಿಗೆ ಇರಬೇಕು, ತಳದಲ್ಲಿ ಜಲ್ಲಿಯ ಬದಲು ನುಣ್ಣನೆಯ ಮರಳಿರಬೇಕು. ಫಿಲ್ಟರಿನ ಕೊಳವೆಯ ಬಾಯಿಗೆ ಸ್ಪಂಜು ಹಾಕಿ, ಇಲ್ಲದಿದ್ದರೆ ಅದರೊಳಕ್ಕೆ ನುಸುಳಿಬಿಡುತ್ತವೆ.

ಪಿಗ್ಮಿ ಕೋರಿ ಮೂರು ಸೆಂಟಿಮೀಟರೊಳಗಿನ ಪುಟ್ಟ ಮೀನು. ಎಂಟರ ಗುಂಪಿಗೆ ಎರಡು ಅಡಿ ತೊಟ್ಟಿ ಸಾಲುತ್ತದೆ. ಕೋರಿಗಳು ಆಗಾಗ ಬಾಣದಂತೆ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ ವಾಪಸಾಗುತ್ತವೆ. ಅವುಗಳ ಕರುಳು ಗಾಳಿಯಿಂದ ಆಮ್ಲಜನಕ ಹೀರಬಲ್ಲದು, ಹಾಗಾಗಿ ಅಪರೂಪಕ್ಕೊಮ್ಮೆ ಇದನ್ನು ಕಂಡು ಗಾಬರಿಯಾಗಬೇಡಿ. ಪದೇ ಪದೇ ಮಾಡಿದರೆ ಮಾತ್ರ ನೀರನ್ನು ಪರೀಕ್ಷಿಸಿ. ಹೆಚ್ಚಿನ ಕೋರಿಗಳಿಗೆ ಬೆಟ್ಟಾಗಿಂತ ತುಸು ತಂಪು ಇಷ್ಟ. ಬಿಸಿ ಊರಿನವರು 28 ಡಿಗ್ರಿಯವರೆಗೂ ತಾಳುವ ಸ್ಟರ್ಬಾ ಕೋರಿಯನ್ನು ನೋಡಬಹುದು, ಆದರೆ ಅದು ದೊಡ್ಡದು, ತೊಟ್ಟಿಯೂ ದೊಡ್ಡದಾಗಬೇಕು.

ಪಾಚಿ ತಿನ್ನುವ ಓಟೊಸಿಂಕ್ಲಸ್ ಶಾಂತ ಮೀನೇ. ಆದರೆ ಇವು ಹೆಚ್ಚಾಗಿ ನದಿಯಿಂದ ಹಿಡಿದು ತಂದವು, ಬರುವಾಗಲೇ ಹಸಿದು ಸೊರಗಿರುತ್ತವೆ. ತಿಂಗಳುಗಟ್ಟಲೆ ಹಳೆಯದಾದ, ಪಾಚಿ ಹಿಡಿದ ತೊಟ್ಟಿ ಇಲ್ಲದವರು ತರಬಾರದು.

ಗಪ್ಪಿ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಅದನ್ನೇ ಏಕೆ ಬಿಡಬಾರದು?

ಗಂಡು ಗಪ್ಪಿಯ ಬಾಲವನ್ನು ಒಮ್ಮೆ ಬೆಟ್ಟಾದ ಕಣ್ಣಿನಿಂದ ನೋಡಿ. ಅಗಲವಾಗಿ ಹರಡಿದ, ಬಣ್ಣ ತುಂಬಿದ, ಬಳುಕುವ ಬಾಲ: ಬೆಟ್ಟಾಗೆ ಅದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗಂಡು. ಗಪ್ಪಿಯೂ ಮೇಲ್ಮೈಯ ಬಳಿಯೇ ಸುಳಿಯುತ್ತದೆ, ಆದ್ದರಿಂದ ಮುಖಾಮುಖಿ ತಪ್ಪುವುದಿಲ್ಲ. ಹೆಣ್ಣು ಗಪ್ಪಿಗಳನ್ನು ಮಾತ್ರ ಬಿಟ್ಟರೆ ಕಾದಾಟ ಕಡಿಮೆ. ಆದರೆ ಅಂಗಡಿಯಿಂದ ಬರುವ ಹೆಣ್ಣು ಗಪ್ಪಿ ಬಹುತೇಕ ಬಸುರಿಯೇ ಆಗಿರುತ್ತದೆ, ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ನೀರಿನ ಅಗತ್ಯವೂ ಬೇರೆ: ಗಪ್ಪಿ, ಮಾಲಿ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ. ಕೊಳವೆಬಾವಿಯ ನೀರಿರುವ ಮನೆಯಲ್ಲಿ ಗಪ್ಪಿಗಳದೇ ಒಂದು ತೊಟ್ಟಿ ಇಡಿ, ಚೆನ್ನಾಗಿರುತ್ತವೆ.

ಸೊಳ್ಳೆ ನಿಯಂತ್ರಣಕ್ಕೆಂದು ಬಾವಿ, ಹೊಂಡಗಳಿಗೆ ಬಿಟ್ಟ ಗಪ್ಪಿ, ಗ್ಯಾಂಬೂಸಿಯಾಗಳನ್ನು ಮಕ್ಕಳು ಹಿಡಿದು ತಂದು ಬೆಟ್ಟಾ ತೊಟ್ಟಿಗೆ ಹಾಕುವುದೂ ಇದೆ. ಬಯಲಿನ ಮೀನು ಪರೋಪಜೀವಿಗಳನ್ನು ಹೊತ್ತು ತರಬಹುದು. ಗ್ಯಾಂಬೂಸಿಯಾ ಅಂತೂ ರೆಕ್ಕೆ ಕಚ್ಚುವುದರಲ್ಲಿ ಕುಖ್ಯಾತ.

ನಿಯಾನ್ ಟೆಟ್ರಾ?

ನಿಯಾನ್ ತಂಪು ನೀರಿನ ಕಡೆಗೆ ವಾಲುವ ಮೀನು, 20ರಿಂದ 26 ಡಿಗ್ರಿ ಅದರ ವ್ಯಾಪ್ತಿ. 25ರ ಆಸುಪಾಸಿನಲ್ಲಿ ಎರಡೂ ಹೊಂದಿಕೊಳ್ಳುತ್ತವೆ. ಹತ್ತರ ಗುಂಪು, ಸಾಕಷ್ಟು ಗಿಡ ಇದ್ದರೆ ನಡೆಯುತ್ತದೆ. ಚಿಕ್ಕ ಗುಂಪಾದರೆ ಬೆಟ್ಟಾದ ಬಾಲವನ್ನು ಚಿವುಟುವುದುಂಟು. ಕಾರ್ಡಿನಲ್ ಟೆಟ್ರಾ ಸಿಕ್ಕರೆ ಅದೇ ಮೇಲು, ಬಿಸಿ ತಾಳುತ್ತದೆ.

ಬೇಡವೇ ಬೇಡ ಎನ್ನುವ ಮೀನುಗಳು ಯಾವುವು?

ಗೋಲ್ಡ್‌ಫಿಶ್ ಮೊದಲು. ಅದಕ್ಕೆ ತಂಪು ನೀರು ಬೇಕು, ಬಹಳ ಗಲೀಜು ಮಾಡುತ್ತದೆ, ಬೆಳೆದರೆ ಎರಡು ಅಡಿ ತೊಟ್ಟಿ ಅದೊಂದಕ್ಕೇ ಸಾಲದು. ಎರಡೂ ಒಂದೇ ನೀರಿನಲ್ಲಿದ್ದರೆ ಒಂದಾದರೂ ತಪ್ಪು ತಾಪಮಾನದಲ್ಲಿ ಬಳಲುತ್ತದೆ.

ಟೈಗರ್ ಬಾರ್ಬ್, ಸರ್ಪೆ ಟೆಟ್ರಾ, ವಿಡೋ ಟೆಟ್ರಾ ರೆಕ್ಕೆ ಕಚ್ಚುವ ಮೀನುಗಳು. ಗುಲಾಬಿ, ನೀಲಿ, ಹಸಿರು ಬಣ್ಣಗಳಲ್ಲಿ ಅಗ್ಗಕ್ಕೆ ಸಿಗುವ ವಿಡೋ ಟೆಟ್ರಾಗಳಿಗೆ ಎಷ್ಟೋ ವೇಳೆ ಕೃತಕ ಬಣ್ಣ ಹಾಕಿರುತ್ತಾರೆ. ಅದು ಮೀನಿಗೆ ಹಿಂಸೆ, ದಯವಿಟ್ಟು ಕೊಳ್ಳಬೇಡಿ. ಗೌರಾಮಿಗಳು ಬೆಟ್ಟಾದ ಕುಟುಂಬಕ್ಕೇ ಸೇರಿದವು, ಅದರಂತೆಯೇ ಗಾಳಿ ಉಸಿರಾಡುತ್ತವೆ, ಅದೇ ಮೇಲ್ಮೈಗೆ ಹಕ್ಕು ಹೂಡುತ್ತವೆ. ಏಂಜಲ್ ಮೀನು ಮತ್ತಿತರ ಸಿಕ್ಲಿಡ್‌ಗಳು, ಕೆಂಪು ಬಾಲದ ಶಾರ್ಕ್ ಎಂದು ಮಾರುವ ಮೀನು, ಇವೂ ಬೇಡ.

ನಮ್ಮ ಪಶ್ಚಿಮಘಟ್ಟದ ಎರಡು ಮೀನುಗಳ ಬಗ್ಗೆಯೂ ಕೇಳುತ್ತಾರೆ. ಬಟಾಣಿ ಕಾಳಿನಂಥ ಕುಬ್ಜ ಪಫರ್ ಮುದ್ದಾಗಿ ಕಾಣುತ್ತದೆ, ಆದರೆ ಉದ್ದ ರೆಕ್ಕೆ ಕಂಡರೆ ಕಚ್ಚಿ ಹರಿಯುತ್ತದೆ. ಮೈಯುದ್ದ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಹತ್ತು ಸೆಂಟಿಮೀಟರ್ ಮೀರಿ ಬೆಳೆಯುವ, ಹರಿಯುವ ಹೊಳೆಯಲ್ಲಿ ಗುಂಪಾಗಿ ಓಡುವ ಮೀನು. ಅಲಂಕಾರಿಕ ಮೀನಿನ ವ್ಯಾಪಾರಕ್ಕೆಂದು ಹಿಡಿದು ಹಿಡಿದು ಅದರ ಕಾಡಿನ ನೆಲೆಯೇ ಬಡವಾಗಿದೆ. ಇವೆರಡೂ ಬೆಟ್ಟಾ ತೊಟ್ಟಿಗೆ ಸಲ್ಲುವುದಿಲ್ಲ.

ಗಾಜು ಶುಚಿಯಾಗಿಡಲು ಒಂದು ಸಕ್ಕರ್ ಮೀನು ಹಾಕಿ ಎನ್ನುತ್ತಾರೆ ಅಂಗಡಿಯವರು.

ಕೇಳಬೇಡಿ. ಬೆರಳುದ್ದದ ಆ ಮರಿ ಒಂದಡಿ ದಾಟಿ ಬೆಳೆಯುತ್ತದೆ, ತಾನು ತಿನ್ನುವ ಪಾಚಿಗಿಂತ ಹೆಚ್ಚು ಹಿಕ್ಕೆ ಹಾಕುತ್ತದೆ. ಹೀಗೆ ಬೆಳೆದ ಸಕ್ಕರ್‌ಗಳನ್ನು ಜನ ಕೆರೆಗಳಿಗೆ ಬಿಟ್ಟ ಕಾರಣದಿಂದಲೇ ಇವತ್ತು ಮೀನುಗಾರರ ಬಲೆಗೆ ಊರಿನ ಮೀನಿನ ಬದಲು ಇವು ಬಂದು ಬೀಳುತ್ತಿವೆ.

ಎರಡು ಗಂಡು, ಅಥವಾ ಗಂಡು ಹೆಣ್ಣು ಒಟ್ಟಿಗೆ? ಹೆಣ್ಣುಗಳನ್ನೇ ಗುಂಪಾಗಿ?

ಎರಡು ಗಂಡು ಯಾವ ಅಳತೆಯ ಮನೆತೊಟ್ಟಿಯಲ್ಲೂ ಬೇಡ. ಗಂಡು ಹೆಣ್ಣು ಮರಿ ಮಾಡಿಸುವ ಹೊತ್ತಿಗೆ ಮಾತ್ರ, ಅದೂ ನೀವು ಎದುರಿಗಿದ್ದಾಗ. ಮೊಟ್ಟೆ ಗೂಡು ಸೇರಿದ ಮೇಲೆ ಗಂಡು ಹೆಣ್ಣನ್ನು ಹರಿದುಬಿಡುತ್ತದೆ.

ಹೆಣ್ಣುಗಳ ಗುಂಪಿನ ಚಿತ್ರಗಳು ಮೊಬೈಲಿನಲ್ಲಿ ಬಹಳ ಚೆಂದ. ಆ ಚಿತ್ರಗಳಲ್ಲಿ ಕಾಣದಿರುವುದು ಅವುಗಳ ನಡುವೆ ಸದಾ ನಡೆಯುವ ಮೇಲಾಟ. ಹೆಣ್ಣುಗಳಿಗೂ ಜಾಗದ ಹಕ್ಕಿನ ಹಂಬಲವಿದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಗುಂಪು ಒಂದು ರಾತ್ರಿ ಒಂದರ ಮೇಲೆ ಎರಗುವುದುಂಟು, ಕೆಳಗಿನ ಸ್ಥಾನದ ಮೀನು ಗಾಯವಿಲ್ಲದೆಯೂ ಒತ್ತಡದಿಂದಲೇ ಕೃಶವಾಗಿ ಸಾಯುತ್ತದೆ. ದೊಡ್ಡ ತೊಟ್ಟಿ, ಕಾಡಿನಷ್ಟು ಗಿಡ, ಪ್ರತಿ ಮೀನಿಗೂ ತುರ್ತಿಗೆ ಬೇರೆ ತೊಟ್ಟಿ ಇರುವವರನ್ನು ಬಿಟ್ಟರೆ ಬೇರೆ ಯಾರಿಗೂ ನಾನು ಇದನ್ನು ಸೂಚಿಸುವುದಿಲ್ಲ.

ಬೆಟ್ಟಾದ ತಳಿ ನೋಡಿ ಜೊತೆ ಆರಿಸಬೇಕೇ?

ನೋಡಿದರೆ ಒಳ್ಳೆಯದು. ಪ್ಲಾಕಟ್ ಗಿಡ್ಡ ರೆಕ್ಕೆಯ ತಳಿ, ಚುರುಕು, ಬೆನ್ನಟ್ಟಿದರೆ ಹಿಡಿಯಬಲ್ಲದು. ಅದಕ್ಕೆ ಹಾರ್ಲೆಕ್ವಿನ್‌ನಂಥ ಚಟುವಟಿಕೆಯ ಮೀನೇ ಸರಿ. ಬಾಲವನ್ನು ಅರ್ಧವೃತ್ತದಂತೆ, ಪೂರಾ 180 ಡಿಗ್ರಿ ಹರಡುವ ಹಾಫ್‌ಮೂನ್ ತನ್ನ ರೆಕ್ಕೆಯ ಭಾರಕ್ಕೇ ಬೇಗ ದಣಿಯುತ್ತದೆ. ಅದು ಇತರರನ್ನು ಕಾಡುವುದಕ್ಕಿಂತ ಇತರರಿಂದ ಕಾಡಿಸಿಕೊಳ್ಳುವ ಭಯ ಹೆಚ್ಚು. ಅದಕ್ಕೆ ಕೂಲಿ ಲೋಚ್, ಎಂಬರ್ ಟೆಟ್ರಾದಂಥ ಶಾಂತರನ್ನೇ ಹುಡುಕಿ.

ನಮ್ಮ ಊರಿನ ಹವೆ, ನೀರು, ಕರೆಂಟಿಗೆ ತಕ್ಕಂತೆ ಏನಾದರೂ ಬದಲಾಗುತ್ತದೆಯೇ?

ಬಹಳ ಬದಲಾಗುತ್ತದೆ, ಮತ್ತು ವಿದೇಶದವರಿಗಾಗಿ ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ಬೆಟ್ಟಾದ ತಲೆಯಲ್ಲಿ ಲ್ಯಾಬಿರಿಂತ್ ಎಂಬ ಅಂಗವಿದೆ. ಅದರಿಂದ ಮೇಲ್ಮೈಯ ಗಾಳಿಯನ್ನೇ ಉಸಿರಾಡುತ್ತದೆ. ಕರೆಂಟು ಹೋಗಿ ಫಿಲ್ಟರ್ ನಿಂತರೂ ಅದು ಗಂಟೆಗಟ್ಟಲೆ ನಿರಾಳವಾಗಿರುತ್ತದೆ. ಟೆಟ್ರಾ, ರಾಸ್ಬೋರಾಗಳಿಗೆ ಆ ಅನುಕೂಲವಿಲ್ಲ, ಕಿವಿರುಗಳಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿ ಬದುಕುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಸುಮಾರು 7.5. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದ ಮನೆಯಲ್ಲಿ ಬೆಟ್ಟಾ ಆರಾಮಾಗಿದ್ದು ಉಳಿದ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುವುದು ಇದರಿಂದಲೇ. ಅಂಥ ಊರಿನವರು ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಕೊಂಡ ಮೇಲೆಯೇ ಗುಂಪಿನ ಮೀನು ಕೊಳ್ಳಲಿ.

ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ತಾಪಮಾನ 15 ಡಿಗ್ರಿಯ ಹತ್ತಿರ ಇಳಿಯುತ್ತದೆ. ಎರಡು ಅಡಿ ತೊಟ್ಟಿಗೆ 50 ವಾಟ್ ಹೀಟರ್ ಬೇಕೇ ಬೇಕು. ಮಂಗಳೂರು, ಉಡುಪಿಯ ಕಡೆ ವರ್ಷದ ಹೆಚ್ಚು ಕಾಲ ಹೀಟರಿನ ಚಿಂತೆಯಿಲ್ಲ.

ನೀರಿನ ವಿಚಾರ. ಬೆಂಗಳೂರಿನ ಕಾವೇರಿ ನೀರು ಕೊಳವೆಬಾವಿಯ ನೀರಿಗಿಂತ ಮೃದು. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಬಳಸಿದರೆ ಟೆಟ್ರಾ, ರಾಸ್ಬೋರಾಗಳಿಗೆ ಒಗ್ಗುತ್ತದೆ. ಕೊಳವೆಬಾವಿಯ ಗಡಸು ನೀರು ಬಸವನಹುಳುವಿನ ಚಿಪ್ಪಿಗೆ ಒಳ್ಳೆಯದು, ಚಿಲ್ಲಿ ರಾಸ್ಬೋರಾಗೆ ಕೆಟ್ಟದ್ದು. ಟ್ಯಾಂಕರ್ ನೀರು ಒಂದು ವಾರ ಇದ್ದಂತೆ ಮುಂದಿನ ವಾರ ಇರುವುದಿಲ್ಲ, ಪ್ರತಿ ಸಲ ಪರೀಕ್ಷಿಸಿಯೇ ತೊಟ್ಟಿಗೆ ಹಾಕಿ. ಬೀದಿಯ ಬಾದಾಮಿ ಮರದ ತಾನಾಗಿ ಉದುರಿದ ಒಣ ಎಲೆ ತಂದು, ತೊಳೆದು, ಒಂದೆರಡು ತೊಟ್ಟಿಗೆ ಹಾಕಿ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೆಟ್ಟಾಗೂ ಸೀಗಡಿಗೂ ಹಿತ. ಔಷಧಿ ಸಿಂಪಡಿಸಿದ, ವಾಹನದ ಹೊಗೆ ಕವಿದ ಜಾಗದ ಎಲೆ ಮಾತ್ರ ಬೇಡ.

ಯಾರನ್ನು ಮೊದಲು ಬಿಡಬೇಕು?

ಸಾಧ್ಯವಿದ್ದರೆ ಬೆಟ್ಟಾವನ್ನು ಕೊನೆಗೆ. ಉಳಿದವು ಮೊದಲೇ ನೆಲೆಯೂರಿದ್ದರೆ ಬೆಟ್ಟಾ ಬೇರೆಯವರ ಮನೆಗೆ ಬಂದ ಹಾಗೆ ನಡೆದುಕೊಳ್ಳುತ್ತದೆ. ಬೆಟ್ಟಾ ಆಗಲೇ ಆ ತೊಟ್ಟಿಯಲ್ಲಿದ್ದರೆ ಹೊಸಬರು ಬರುವ ದಿನ ಅದನ್ನು ಒಂದೆರಡು ಗಂಟೆ ಬೇರೆ ಪಾತ್ರೆಗೆ ತೆಗೆದು, ಗಿಡ, ಕಲ್ಲುಗಳ ಜಾಗ ಬದಲಿಸಿ, ಹೊಸ ಮೀನುಗಳನ್ನು ಬಿಟ್ಟು, ಅವು ಅಡಗುದಾಣ ಕಂಡುಕೊಂಡ ಮೇಲೆ ಬೆಟ್ಟಾವನ್ನು ವಾಪಸು ಬಿಡಿ. ತೊಟ್ಟಿಯ ಈ ತುದಿಯಿಂದ ಆ ತುದಿ ನೇರವಾಗಿ ಕಾಣಬಾರದು. ಕಣ್ಣಿಗೆ ಬೀಳದ ಮೀನನ್ನು ಬೆಟ್ಟಾ ಬೇಗ ಮರೆಯುತ್ತದೆ. ದೀಪ ಆರಿಸಿ ಬಿಡಿ, ರಜೆಯ ದಿನ ಬಿಡಿ. ಬಿಟ್ಟು ಕಚೇರಿಗೆ ಹೊರಡಬೇಡಿ.

ಬೆಟ್ಟಾ ಕಿವಿರು ಅಗಲಿಸಿ ಹೆದರಿಸುತ್ತಿದೆ. ಈಗಲೇ ಬೇರೆ ಮಾಡಬೇಕೇ?

ತಕ್ಷಣ ಬೇಡ. ಕಿವಿರಿನ ಮುಚ್ಚಳ ಕೊಡೆಯಂತೆ ತೆರೆದು, ರೆಕ್ಕೆಗಳನ್ನೆಲ್ಲ ಹರಡಿ, ಅಡ್ಡ ನಿಂತು ಮೈ ತೋರಿಸುವುದು ಅದರ ಎಚ್ಚರಿಕೆ. ಮೊದಲ ದಿನ ಅಷ್ಟು ನಡೆದೇ ನಡೆಯುತ್ತದೆ. ಚಿಕ್ಕ ಓಟಗಳೂ ಸಹಜ, ಎರಡು ದಿನದಲ್ಲಿ ತಗ್ಗಬೇಕು.

ಒಂದೇ ಮೀನನ್ನು ಗುರಿಮಾಡಿ ಬಿಡದೆ ಅಟ್ಟುತ್ತಿದ್ದರೆ, ಯಾವುದರದಾದರೂ ರೆಕ್ಕೆ ಹರಿದಿದ್ದರೆ, ಹುರುಪೆ ಉದುರಿದ್ದರೆ, ಗುಂಪಿನ ಮೀನು ಹೀಟರಿನ ಹಿಂದೆ ಸೇರಿಕೊಂಡು ಊಟಕ್ಕೂ ಹೊರಬರದಿದ್ದರೆ ಅದೇ ಗಳಿಗೆ ಬೇರೆ ಮಾಡಿ. ಬೆಟ್ಟಾದ ಕಡೆಗೂ ಗಮನವಿರಲಿ. ಅದರ ರೆಕ್ಕೆಗಳು ಮಡಚಿಕೊಂಡಿದ್ದರೆ, ಬಣ್ಣ ಮಾಸಿ ಮೈಯುದ್ದಕ್ಕೂ ಅಡ್ಡ ಪಟ್ಟೆಗಳು ಮೂಡಿದ್ದರೆ, ಬಾಲದಲ್ಲಿ ಕಚ್ಚಿದ ಗುರುತಿದ್ದರೆ ಪೀಡೆಗೊಳಗಾಗಿರುವುದು ಬೆಟ್ಟಾವೇ. ಎಳೆಯ ಬೆಟ್ಟಾ ಎಲ್ಲರೊಡನೆ ಚೆನ್ನಾಗಿದ್ದು, ಪ್ರಾಯಕ್ಕೆ ಬಂದ ಮೇಲೆ ಬದಲಾಗುವುದೂ ಇದೆ. ಮೊದಲ ವಾರ ಶಾಂತವಾಗಿ ಕಳೆಯಿತೆಂದು ನೋಡುವುದನ್ನು ನಿಲ್ಲಿಸಬೇಡಿ.

ಎಲ್ಲರಿಗೂ ಊಟ ಹೇಗೆ ಹಾಕುವುದು?

ಬೆಟ್ಟಾಗೆ ಒಂದು ಮೂಲೆಯಲ್ಲಿ, ದಿನವೂ ಅದೇ ಮೂಲೆಯಲ್ಲಿ, ತೇಲುವ ಕಾಳು ಒಂದೊಂದಾಗಿ ಹಾಕಿ. ಅದು ತಿನ್ನುತ್ತಿರುವಾಗಲೇ ಇನ್ನೊಂದು ತುದಿಯಲ್ಲಿ ಟೆಟ್ರಾಗಳಿಗೆ ನುಣ್ಣಗೆ ಪುಡಿ ಮಾಡಿದ್ದು ಉದುರಿಸಿ. ಲೋಚ್, ಕೋರಿಗಳ ಮುಳುಗುವ ಕಾಳನ್ನು ದೀಪ ಆರಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಬೆಟ್ಟಾವೇ ಕೆಳಗಿಳಿದು ತಿಂದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ತಳದ ಮೀನು ಉಳಿದದ್ದನ್ನು ತಿಂದು ಬದುಕುತ್ತದೆ ಎಂಬ ಮಾತನ್ನು ನಂಬಬೇಡಿ. ಅವುಗಳಿಗೂ ಅವುಗಳದೇ ಊಟ ಬೇಕು.

ಹೊಸ ಮೀನನ್ನು ನೇರವಾಗಿ ತೊಟ್ಟಿಗೆ ಬಿಡಬಹುದೇ?

ಚೆನ್ನೈನ ಕೊಳತ್ತೂರಿನಂಥ ಕೇಂದ್ರಗಳಿಂದ ಚೀಲಗಳಲ್ಲಿ ಹೊರಟು, ಸಗಟು ಅಂಗಡಿ ದಾಟಿ, ನಿಮ್ಮೂರಿನ ಅಂಗಡಿ ಸೇರುವಷ್ಟರಲ್ಲಿ ಮೀನು ಹಲವು ತೊಟ್ಟಿಗಳ ನೀರು ಕಂಡಿರುತ್ತದೆ. ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅಲ್ಲೇ ಚಿಕಿತ್ಸೆ ಮಾಡಿ. ತಾಮ್ರವಿರುವ ಔಷಧಿ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ, ಆದ್ದರಿಂದ ಮುಖ್ಯ ತೊಟ್ಟಿಗೆ ಔಷಧಿ ಸುರಿಯುವ ಮೊದಲು ಬಾಟಲಿಯ ಮೇಲಿನ ಅಕ್ಷರಗಳನ್ನು ಓದಿ.

ಎಲ್ಲ ಮಾಡಿದರೂ ಹೊಂದಲಿಲ್ಲ. ಮುಂದೇನು?

ಒಂದಡಿಯ ಚಿಕ್ಕ ತೊಟ್ಟಿ, ಒಂದು ಸ್ಪಂಜು ಫಿಲ್ಟರ್, ಒಂದು ಹೀಟರ್ ಮೊದಲೇ ಸಿದ್ಧವಿರಲಿ. ಬೆಟ್ಟಾವನ್ನು ಅದಕ್ಕೆ ವರ್ಗಾಯಿಸಿ, ಗುಂಪಿನ ಮೀನುಗಳಿಗೆ ದೊಡ್ಡ ತೊಟ್ಟಿಯನ್ನು ಬಿಟ್ಟುಕೊಡಿ. ಎರಡನೆಯ ಫಿಲ್ಟರಿನ ಸ್ಪಂಜನ್ನು ಯಾವಾಗಲೂ ದೊಡ್ಡ ತೊಟ್ಟಿಯ ಮೂಲೆಯಲ್ಲೇ ನಡೆಸುತ್ತಿದ್ದರೆ ತುರ್ತಿನ ದಿನ ಬ್ಯಾಕ್ಟೀರಿಯಾ ಸಮೇತ ಎತ್ತಿ ಚಿಕ್ಕದಕ್ಕೆ ಇಡಬಹುದು, ವಾರಗಟ್ಟಲೆ ಕಾಯಬೇಕಿಲ್ಲ. ನಡುವೆ ಗಾಜಿನ ತಡೆ ಹಾಕುವುದಕ್ಕಿಂತ ಇದು ಎಷ್ಟೋ ಒಳ್ಳೆಯದು; ತಡೆಯಾಚೆಯ ಮೀನು ದಿನವಿಡೀ ಕಾಣುತ್ತಿದ್ದರೆ ಬೆಟ್ಟಾ ಸಿಟ್ಟಿನಲ್ಲೇ ಸವೆಯುತ್ತದೆ.

ಎರಡನೆಯ ತೊಟ್ಟಿಗೆ ಜಾಗವಿಲ್ಲದವರು ತರುವ ಮೊದಲೇ ಅಂಗಡಿಯವರನ್ನು ಕೇಳಿಡಿ: ಹೊಂದದಿದ್ದರೆ ಮೀನನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು. ಒಪ್ಪುವ ಅಂಗಡಿಯಲ್ಲೇ ಕೊಳ್ಳಿ, ಇಲ್ಲವೇ ಮೀನು ಸಾಕುವ ಪರಿಚಿತರಿಗೆ ಕೊಡಿ. ಊರ ಕೆರೆಗೋ ಬಾವಿಗೋ ಮಾತ್ರ ಬಿಡಬೇಡಿ.